ಸದ್ದಿಲ್ಲದ ಬಂದೂಕು

ನಮ್ಮಪ್ಪ ಬಿಟ್ಟುಹೋದ ಚರಾಸ್ತಿಯಲ್ಲಿ ಒಂದು ಬಂದೂಕು ಇತ್ತು. ಇತ್ತು ಎಂದ ಮಾತ್ರಕ್ಕೆ ಈಗ ಇಲ್ಲವೆಂದು ಯಾರೂ ತಿಳಿಯಬಾರದು. ಇದೆ. ಪೊಲೀಸ್ ಠಾಣೆಯ ಹಿಂಬದಿ ಕೋಣೆಯಲ್ಲಿ, ಕುತ್ತಿಗೆಗೆ ರಟ್ಟಿನ ಚೀಟಿ ಕಟ್ಟಿಸಿಕೊಂಡು, ತನ್ನಷ್ಟೇ ನಿರಪರಾಧಿಗಳಾದ ಇನ್ನೂ ಹತ್ತಾರು ಬಂದೂಕುಗಳ ಜೊತೆ ಗೋಡೆಗೆ ಒರಗಿ ನಿಂತಿದೆ. ಚುನಾವಣೆ ಬಂತೆಂದು ಹೋದದ್ದು ಇನ್ನೂ ಮನೆಗೆ ಬಂದಿಲ್ಲ.

ಸದರಿ ಬಂದೂಕಿನ ವಿಷಯದಲ್ಲಿ ಎರಡು ಮಾತು ಹೇಳಬೇಕು. ಅದು ಬಾಯಿಂದ ಮದ್ದು ಸುರಿದು, ಕಡ್ಡಿಯಿಂದ ಗಿಡಿದು, ಕೇಪು ಇಟ್ಟು ಹೊಡೆಯುವ ಹಳೆಯ ಜಾತಿಯದು. ಬೆಳೆ ರಕ್ಷಣೆಗೆಂದು ಅಪ್ಪನ ಹೆಸರಿಗೆ ಲೈಸೆನ್ಸ್ ಇತ್ತು, ಆಮೇಲೆ ನನ್ನ ಹೆಸರಿಗೆ ಆಯಿತು. ಇಷ್ಟು ವರ್ಷದಲ್ಲಿ ಅದರೊಳಗೆ ಒಂದು ಗುಂಡು ಹೋದದ್ದನ್ನು ನಾನು ಕಂಡಿಲ್ಲ. ಮದ್ದಿನ ಮೇಲೆ ತೆಂಗಿನ ನಾರಿನ ಒಂದು ಉಂಡೆ, ಅಷ್ಟೆ. ಅಪ್ಪ ತೋಟದ ನಡುವೆ ಕಾಲು ಅಗಲಿಸಿ ನಿಂತು, ನಳಿಗೆಯನ್ನು ಆಕಾಶಕ್ಕೆ ಎತ್ತಿ, ಎರಡೂ ಕಣ್ಣು ಮುಚ್ಚಿ ಎಳೆಯುತ್ತಿದ್ದರು. ಢಂ ಎಂದು ಒಂದು ಸದ್ದಾಗುತ್ತಿತ್ತು. ದನಗಳು ಹಗ್ಗ ಜಗ್ಗುತ್ತಿದ್ದವು, ಅಜ್ಜಿ ಬೈಯುತ್ತಿದ್ದಳು, ಕೋತಿಗಳು ನಮ್ಮ ತೋಟ ಬಿಟ್ಟು ಮುಂದಿನ ಊರಿನವರ ಯೋಗಕ್ಷೇಮ ವಿಚಾರಿಸಲು ಹೊರಡುತ್ತಿದ್ದವು. ಅಪ್ಪನ ಗುರಿ ಆಕಾಶಕ್ಕೆ ಬಿಟ್ಟು ಬೇರೆ ಯಾವುದಕ್ಕೂ ತಾಗಿದ ದಾಖಲೆ ಇಲ್ಲ. ಆದರೂ ನಮ್ಮ ತೋಟ ಕಾಯ್ದದ್ದು ಅದೇ.

ಒಂದು ಚುನಾವಣೆ ಮುಗಿದು ತಿಂಗಳಾದ ಮೇಲೆ ನಾನು ಠಾಣೆಗೆ ಹೋದೆ. ಅಲ್ಲಿನ ರೈಟರು, ಕಾಗದ ಬರೆಯುವ ಪೊಲೀಸಿನವರು, ನನ್ನ ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಆ ಎಲೆಕ್ಷನ್ ಮುಗೀತು ಕಣ್ರೀ. ಈಗ ಇನ್ನೊಂದು ಬತ್ತಾ ಐತೆ. ತಗಂಡೋಗಿ ಮತ್ತೆ ತಂದಿಡೋ ಬದ್ಲು ಇಲ್ಲೇ ಇರ್ಲಿ ಬುಡಿ."

"ಅಲ್ಲೀವರೆಗೂ ಕೋತಿ ಬಂದ್ರೆ?"

"ಕೋತಿಗೆ ಓಟಿಲ್ವಲ್ಲ. ಅದು ನಮ್ಮ ರೂಲ್ಸಿಗೆ ಬರಲ್ಲ." ಅವರೇ ತಮ್ಮ ಮಾತಿಗೆ ನಕ್ಕರು. "ಬೇಕು ಅಂದ್ರೆ ಒಂದು ಅರ್ಜಿ ಕೊಡಿ. ಬಂದೂಕು ಯಾತಕ್ಕೆ ಬೇಕು ಅಂತ ಕಾರಣ ಬರೀರಿ."

ನಾನು ಬಹಳ ಯೋಚಿಸಿ, ಸತ್ಯಕ್ಕೆ ದೂರವಾಗದಂತೆ, 'ಸದ್ದು ಮಾಡುವ ಸಲುವಾಗಿ' ಎಂದು ಬರೆದೆ.

"ಇದೇನ್ರೀ ಇದು, ಪಟಾಕಿ ಅಂಗಡಿ ಇಡ್ತೀರಾ? ಬೆಳೆ ರಕ್ಷಣೆ ಅಂತ ಬರೀರಿ!"

ಬರೆದುಕೊಟ್ಟೆ. ಆ ಅರ್ಜಿಯೂ ಬಂದೂಕಿನ ಜೊತೆ ಅಲ್ಲೇ ಉಳಿಯಿತು.

ಕೋತಿಗಳಿಗೆ ಈ ಸುದ್ದಿ ಯಾರು ಮುಟ್ಟಿಸಿದರೋ ತಿಳಿಯದು. ಹದಿನೈದು ದಿನದೊಳಗೆ ಹಂದನಕೆರೆ ಕಡೆಯಿಂದ ಒಂದು ಹಿಂಡು ಬಂದು ನಮ್ಮ ತೋಟದಲ್ಲಿ ಬಿಡಾರ ಹೂಡಿತು. ಎಳನೀರನ್ನು ಕಚ್ಚುವುದು, ಒಂದು ಗುಟುಕು ಕುಡಿಯುವುದು, ಎಸೆಯುವುದು, ಮುಂದಿನದಕ್ಕೆ ಕೈ ಹಾಕುವುದು. ಕುಡಿದು ಮುಗಿಸಿದ್ದರೆ ನನಗೆ ಅಷ್ಟು ಸಂಕಟವಿರುತ್ತಿರಲಿಲ್ಲ. ಪಟಾಕಿ ಹೊಡೆದೆವು. ಮೂರನೆಯ ದಿನ ಕಿಡಿ ಹಾರಿ ಪಕ್ಕದವರ ಹುಲ್ಲಿನ ಬಣವೆ ಹೊಗೆಯಾಡಿತು. ಇಡೀ ಬೀದಿ ಬಿಂದಿಗೆ ಹಿಡಿದು ಓಡಿತು. ಪಟಾಕಿ ಅಲ್ಲಿಗೆ ಬಂದ್. ನನ್ನ ಹೆಂಡತಿ ಸ್ಟೀಲ್ ತಟ್ಟೆ ಬಡಿದಳು. ಊಟಕ್ಕೆ ಕರೆಯುತ್ತಿದ್ದಾಳೆಂದು ತಿಳಿದವೋ ಏನೋ, ಎರಡು ಇನ್ನೂ ಹತ್ತಿರ ಬಂದವು.

ಇಡೀ ತೋಟಕ್ಕೆ ತೊಂದರೆಯಾಗಿದ್ದರೂ ಅವಳ ಚಿಂತೆಯೆಲ್ಲ ಒಂದು ಮರದ ಮೇಲಿತ್ತು. ಅದು ಹಿತ್ತಲ ಮರ. ಅವಳು ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವಳ ತಾಯಿ ಅವಳ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಗಿಟುಕಿನ ಜೊತೆ ಮೊಳಕೆ ಬಂದ ಒಂದು ತೆಂಗಿನಕಾಯಿಯನ್ನೂ ಹಾಕಿದ್ದರು. ಕೆಂಕೆರೆಯಿಂದ ಇಲ್ಲಿವರೆಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದವನು ಅವಳ ತಮ್ಮ. ಆ ಕಾಯಿ ಮರವಾಯಿತು. ಕಾಯಿ ಕಡಿಮೆ, ಆದರೆ ಒಂದೊಂದೂ ಅಂಗೈ ತುಂಬ ಗುಂಡಗೆ ಗಿಟುಕು ಬಿಡುವಂಥದು. ಈಗ ಆ ಮರದ ಬುಡದಿಂದ ಕಂದು ರಸ ಇಳಿಯಲು ಶುರುವಾಗಿತ್ತು. ಅಣಬೆ ರೋಗ. ಸುಳಿ ಬಾಡುತ್ತ ಬಂದಿತ್ತು. ಮೇಲೆ ಉಳಿದಿದ್ದದ್ದು ಎರಡೇ ಗೊನೆ, ಎಣಿಸಿದರೆ ಹದಿನಾರು ಎಳೆಗಾಯಿ. ಇವು ಬಲಿತರೆ ಬಲಿತವು, ಮರ ಮತ್ತೆ ಗೊನೆ ಬಿಡುವುದಿಲ್ಲವೆಂದು ನೋಡಿದವರೆಲ್ಲ ಹೇಳಿದ್ದರು.

"ಈ ಕಾಯಿ ನನ್ನ ಮಗಳ ಮಡಿಲಿಗೆ," ಎಂದು ಅವಳು ತೀರ್ಮಾನ ಕೊಟ್ಟುಬಿಟ್ಟಿದ್ದಳು. ಮಗಳಿಗೆ ಆಗಿನ್ನೂ ಗಂಡು ಗೊತ್ತಾಗಿರಲಿಲ್ಲ. ಗಿಟುಕು ಗೊತ್ತಾಗಿತ್ತು. ಇದರಲ್ಲಿ ಅವಸರವೇನೂ ಇಲ್ಲ. ಕಾಯಿ ಬಲಿಯಲು ಆರು ತಿಂಗಳು, ಅಟ್ಟದ ಮೇಲೆ ಚಿಪ್ಪಿನೊಳಗೇ ನೀರು ಇಂಗಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಮ್ಮಿ ಒಂದು ವರ್ಷ. ಗಂಡು ಹುಡುಕುವುದು ಅದಕ್ಕಿಂತ ಸುಲಭದ ಕೆಲಸ.

ಹೀಗಿರುವಾಗ ನನ್ನ ಭಾವಮೈದ ಬಂದ. ಬಸ್ಸಿನಲ್ಲಿ ಕಾಯಿ ತಂದವನೇ. ಈಗ ತುಮಕೂರಿನಲ್ಲಿ ಮೋಟಾರು ಪಂಪಿನ ವ್ಯಾಪಾರ. ಭಾನುವಾರಗಳಲ್ಲಿ ಒಂದು ಕ್ಲಬ್ಬಿಗೆ ಹೋಗಿ ಕಾಗದಕ್ಕೆ ಗುರಿ ಇಟ್ಟು ಹೊಡೆಯುವ ಹವ್ಯಾಸ. ಕಾಗದ ಅವನಿಗೇನು ಮಾಡಿತ್ತೆಂದು ನಾನು ಕೇಳಿರಲಿಲ್ಲ. ಅಕ್ಕನ ಗೋಳು ಫೋನಿನಲ್ಲಿ ಕೇಳಿದ್ದೇ ತಡ, ಮುಂದಿನ ಭಾನುವಾರ ಬೆಳಿಗ್ಗೆ ಕಾರಿನ ಹಿಂಬಾಗಿಲು ತೆರೆದು, ಬೆಳ್ಳಗೆ ಹೊಳೆಯುವ ಒಂದು ಉದ್ದನೆಯ ಅಲ್ಯೂಮಿನಿಯಂ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಹಸುಗೂಸನ್ನು ತರುವಂತೆ ಒಳಗೆ ತಂದ.

"ಬಂದೂಕು ತಂದ್ಯೇನಯ್ಯಾ?" ಎಂದೆ.

"ಬಂದೂಕಲ್ಲ ಭಾವ. ಸಿಸ್ಟಮ್."

ಪೆಟ್ಟಿಗೆಯೊಳಗೆ ಕರಿ ಸ್ಪಂಜಿನ ಹಾಸಿಗೆ. ಅದರಲ್ಲಿ ಒಂದೊಂದು ಅಂಗಕ್ಕೂ ಒಂದೊಂದು ಗುಂಡಿ. ಹೊರದೇಶದ ರೈಫಲ್, ಮದ್ದಿನದಲ್ಲ, ಗಾಳಿಯ ಒತ್ತಡದ್ದು. ಅದಕ್ಕೆ ಗಾಳಿ ತುಂಬಲು ಸೈಕಲ್ ಪಂಪಿನ ದೊಡ್ಡಣ್ಣನಂಥ ಒಂದು ಪಂಪು. ಮೇಲೆ ಕೂರಿಸಲು ಮೊಳದುದ್ದದ ದುರ್ಬೀನು. ಮರ ಎಷ್ಟು ದೂರವಿದೆಯೆಂದು ಹೇಳುವ ಕೆಂಪು ಕಿರಣದ ಡಬ್ಬಿ. ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಲು ಹೆಬ್ಬೆರಳಿನಷ್ಟು ಫ್ಯಾನು. ಇವೆಲ್ಲ ತಮ್ಮ ತಮ್ಮ ಅಭಿಪ್ರಾಯವನ್ನು ಅವನ ಮೊಬೈಲಿಗೆ ತಿಳಿಸುತ್ತವೆ, ಮೊಬೈಲು ಎಷ್ಟು ಮೇಲೆ ಎಷ್ಟು ಎಡಕ್ಕೆ ಹಿಡಿಯಬೇಕೆಂದು ಇವನಿಗೆ ತಿಳಿಸುತ್ತದೆ. ನಳಿಗೆಯ ಮೇಲೆ ಗಾರೆಯವರ ರಸಮಟ್ಟದಲ್ಲಿ ಇರುವಂಥದೇ ಒಂದು ನೀರಿನ ಗುಳ್ಳೆ. ಇಷ್ಟೆಲ್ಲ ಸೇರಿಸಿದರೆ ಒಂದು ಪವರ್ ಟಿಲ್ಲರ್ ಬರುತ್ತಿತ್ತೆಂದು ಅವನೇ ಸ್ವಲ್ಪ ಹೆಮ್ಮೆಯಿಂದ, ಸ್ವಲ್ಪ ಧ್ವನಿ ತಗ್ಗಿಸಿ ಹೇಳಿದ. ಅವನ ಹೆಂಡತಿಗೆ ಇನ್ನೂ ಹೇಳಿರಲಿಲ್ಲವೆಂದು ತೋರುತ್ತದೆ.

"ಇದಕ್ಕೆ ಲೈಸೆನ್ಸು?"

"ಬೇಡ ಭಾವ. ಗಾಳೀದು. ಠಾಣೇಲೂ ಇಡ್ಬೇಕಿಲ್ಲ."

ನಮ್ಮಪ್ಪನ ನಾರುಂಡೆ ಬಂದೂಕು ಪ್ರಜಾಪ್ರಭುತ್ವಕ್ಕೆ ಅಪಾಯಕಾರಿ, ಇದು ಅಲ್ಲ. ಇರಲಿ.

ನನ್ನ ಹೆಂಡತಿ ಅಡಿಗೆಮನೆಯಿಂದ ಸೌಟು ಹಿಡಿದೇ ಬಂದಳು. "ನೋಡ್ಲಾ, ಕೋತಿಗೆ ಒಂದು ತಗುಲಿದ್ರೂ ಈ ಮನೆ ಹೊಸ್ತಿಲು ತುಳೀಬೇಡ. ಆಂಜನೇಯನಿಗೆ ಶನಿವಾರ ಒಪ್ಪತ್ತು ಮಾಡೋಳು ಕಣ್ಲಾ ನಾನು."

"ಅಯ್ಯೋ ಅಕ್ಕ, ಕೋತಿಗ್ಯಾಕೆ ಹೊಡೀಲಿ? ಪಕ್ಕದಲ್ಲಿ ಹೊಡೀತೀನಿ. ಒಂದಿಂಚು ಪಕ್ಕ. ನಾಡ ಬಂದೂಕಲ್ಲಾದ್ರೆ ಆಗಲ್ಲ. ಇದ್ರಲ್ಲಿ ಒಂದಿಂಚು ಅಂದ್ರೆ ಒಂದಿಂಚೇ. ಕಿವಿ ಪಕ್ಕ ಸುಯ್ ಅಂದ್ರೆ ಜನ್ಮದಲ್ಲಿ ಈ ಕಡೆ ತಲೆ ಹಾಕಲ್ಲ."

"ಒಂದಿಂಚೇ ತಾನೆ?"

"ಒಂದಿಂಚೇ."

ಆಣೆಗೆ ಸಮನಾದ ಈ ಮಾತಿನ ಮೇಲೆ ಅನುಮತಿ ದೊರೆಯಿತು.

ತಾರಸಿಯ ಮೇಲೆ ಹೋದೆವು. ಹಿತ್ತಲ ಮರದ ಸುಳಿ ಅಲ್ಲಿಂದ ಎದುರಿಗೇ ಕಾಣುತ್ತದೆ. ಭಾವಮೈದ ಬೆಡ್‌ಶೀಟು ಹಾಸಿ ಬೋರಲು ಮಲಗಿದ. ರೈಫಲ್ಲಿಗೆ ಮುಂದೆ ಎರಡು ಕಾಲುಗಳಿದ್ದವು. ಹಿಂದಕ್ಕೆ ಇಡುವ ಮರಳಿನ ದಿಂಬನ್ನು ಅವನು ಮರೆತು ಬಂದಿದ್ದ. ಅದಕ್ಕೆ ಎಂಟು ಸೇರು ರಾಗಿಯ ಚೀಲ ಒದಗಿಸಿದೆವು. ಆ ಸಿಸ್ಟಮ್ಮಿನಲ್ಲಿ ನನಗೆ ಅರ್ಥವಾದ ಭಾಗ ಅದೊಂದೇ. ಪಂಪು ಒತ್ತುವ ಕೆಲಸ ನನ್ನದಾಯಿತು. ನೂರು ಸಲ ಒತ್ತುವ ಹೊತ್ತಿಗೆ ನನ್ನ ಗಾಳಿ ಹೋಗಿ ಅದರ ಗಾಳಿ ತುಂಬಿತು.

ಅಷ್ಟರಲ್ಲಿ ಹಿಂಡಿನ ಯಜಮಾನನಂತಿದ್ದ ಒಂದು ದೊಡ್ಡ ಕೋತಿ ಮರವೇರಿ, ಗೊನೆಯ ನಡುವೆ, ಗರಿಯ ಬುಡಕ್ಕೆ ಬೆನ್ನು ಕೊಟ್ಟು ಕುಳಿತಿತು. ಕೆಳಗೆ ಹಿತ್ತಲಲ್ಲಿ ನನ್ನ ಹೆಂಡತಿ ಎರಡೂ ಕಿವಿಗೆ ಬೆರಳಿಟ್ಟು, ಕಣ್ಣು ಕಿರಿದು ಮಾಡಿ ನಿಂತಿದ್ದಳು. ನಮ್ಮಪ್ಪನ ಕಾಲದ ಅಭ್ಯಾಸ.

ಭಾವಮೈದ ಉಸಿರು ಹಿಡಿದ. ದೂರ ಅಳೆದ. ಗಾಳಿ ಕೇಳಿದ. ಗುಳ್ಳೆ ನೋಡಿದ. ಮೊಬೈಲಿನ ಅಪ್ಪಣೆ ಪಡೆದ. ಕೋತಿ ಈ ನಡುವೆ ಒಂದು ಎಳನೀರು ಮುಗಿಸಿತು.

ತುಪಕ್.

ಬಾಯಲ್ಲಿನ ಎಲೆಯಡಿಕೆ ಉಗಿದಷ್ಟು ಸದ್ದು.

"ಬಿತ್ತು ಭಾವ. ಕರೆಕ್ಟಾಗಿ ಒಂದಿಂಚು ಎಡಕ್ಕೆ."

ಕೋತಿ ಹೊಟ್ಟೆ ಕೆರೆದುಕೊಂಡಿತು.

ತುಪಕ್. "ಒಂದಿಂಚು ಬಲಕ್ಕೆ." ತುಪಕ್. "ತೊಡೆ ಕೆಳಗೆ. ನೋಡಿ, ದುರ್ಬೀನಲ್ಲಿ ನೋಡಿ."

ನೋಡಿದೆ. ಕೋತಿಯ ಮುಖ ಕೈಗೆಟುಕುವಷ್ಟು ಹತ್ತಿರ ಕಂಡಿತು. ಅದರಲ್ಲಿ ಭಯದ ಲಕ್ಷಣ ಯಾವುದೂ ಇರಲಿಲ್ಲ. ಚಿಂತನೆಯ ಲಕ್ಷಣ ಸ್ವಲ್ಪ ಇತ್ತು.

ಕೆಳಗಿನಿಂದ ಹೆಂಡತಿ ಕೂಗಿದಳು. "ಲೋ, ಎಷ್ಟೊತ್ತು ಕಿವಿ ಮುಚ್ಕಂಡು ನಿಂತಿರ್ಲಿ? ಯಾವಾಗ್ಲಾ ಹೊಡೀತೀಯ?"

"ಹೊಡೀತಾನೇ ಇದೀನಲ್ಲಕ್ಕ!"

"ಯಾವಾಗ ಹೊಡ್ದೆ?"

"ಆಗ್ಲಿಂದ!"

"ಮತ್ತೆ ಸದ್ದೇ ಇಲ್ಲ?"

"ಸದ್ದು ಬರಬಾರದು ಅಂತಲೇ ಅಕ್ಕ ಅಷ್ಟು ದುಡ್ಡು ಕೊಟ್ಟಿರೋದು!"

ಅವಳು ಬೆರಳು ತೆಗೆದು, ಸೆರಗು ಸಿಕ್ಕಿಸಿ, ನನ್ನ ಕಡೆ ನೋಡಿದಳು. ಆ ನೋಟದಲ್ಲಿ ತವರಿನ ಬಗ್ಗೆ ನಾನು ಮಾತಾಡಬಾರದೆಂಬ ಎಚ್ಚರಿಕೆಯೂ ಇತ್ತು. ಯಾವ ಪುಣ್ಯಾತ್ಮರೋ ವರ್ಷಗಟ್ಟಲೆ ತಲೆ ಕೆಡಿಸಿಕೊಂಡು, ಬಂದೂಕಿನಿಂದ ನಮಗೆ ಬೇಕಾದ ಒಂದೇ ಒಂದು ಪದಾರ್ಥವನ್ನು ಹುಡುಕಿ ಹುಡುಕಿ ಹೊರಗೆ ತೆಗೆದಿದ್ದರು. ಉಳಿದದ್ದೆಲ್ಲ ಅದರಲ್ಲಿ ಇತ್ತು.

ಭಾವಮೈದ ಸೋಲೊಪ್ಪುವ ಆಸಾಮಿಯಲ್ಲ. ಪಕ್ಕ ಹೊಡೆದ, ಮೇಲೆ ಹೊಡೆದ, ಕೆಳಗೆ ಹೊಡೆದ. ಇನ್ನೆರಡು ಕೋತಿ ಬಂದು ಕುಳಿತವು. ಅವುಗಳ ಪಕ್ಕಕ್ಕೂ ಹೊಡೆದ. ಪ್ರತಿ ಸಲವೂ "ಬಿತ್ತು" ಎಂದ. ಡಬ್ಬಿಯಲ್ಲಿನ ಸೀಸದ ಕಾಳು ಖಾಲಿಯಾದ ಮೇಲೆ, ಬೆವರು ಒರೆಸಿಕೊಂಡು, "ಇವು ಮಾಮೂಲಿ ಕೋತಿಗಳಲ್ಲ ಭಾವ" ಎಂದು ಸಿಟ್ಟಿನಿಂದ ಎದ್ದ. ಏಳುವಾಗ ಕಾಲು ತಗುಲಿ ಪೆಟ್ಟಿಗೆ ಜಾರಿತು. ತಾರಸಿಯ ಅಂಚು ದಾಟಿ ಕೊಟ್ಟಿಗೆಯ ತಗಡಿನ ಮೇಲೆ ಬಿದ್ದು, ಅಲ್ಲಿಂದ ಪುಟಿದು ಕಲ್ಲುಚಪ್ಪಡಿಯ ಮೇಲೆ ಬಿತ್ತು.

ಅಂಥ ಸದ್ದನ್ನು ಅಪ್ಪ ಹೋದ ಮೇಲೆ ನಮ್ಮ ಹಿತ್ತಲು ಕೇಳಿರಲಿಲ್ಲ. ಮರದ ಮೇಲಿನ ಮೂರೂ ಕೋತಿ, ತೋಟದ ಒಳಗಿನ ಅವುಗಳ ಬಂಧುಬಳಗ, ಒಂದೇ ಕ್ಷಣದಲ್ಲಿ ಗರಿಯಿಂದ ಗರಿಗೆ ಹಾರಿ ಹಳ್ಳದ ಆಚೆ ಮರೆಯಾದವು.

"ನೋಡಿದ್ರಾ ಭಾವ," ಎಂದ ಭಾವಮೈದ, "ಕೊನೆಗೂ ಹೆದರಿದ್ವು."

ಪೆಟ್ಟಿಗೆ ಒಂದು ಕಡೆ ನುಗ್ಗಾಗಿತ್ತು, ಮುಚ್ಚಳ ಕೂರುತ್ತಿರಲಿಲ್ಲ. ಅವನು ಮುಖ ಸಣ್ಣದು ಮಾಡಿಕೊಂಡು ಸಿಸ್ಟಮ್ಮನ್ನು ಬೆಡ್‌ಶೀಟಿನಲ್ಲಿ ಸುತ್ತಿ ಕಾರಿನಲ್ಲಿಟ್ಟ. "ಈ ಪೆಟ್ಟಿಗೆ ಇನ್ಯಾತಕ್ಕೆ ಅಕ್ಕ, ಗುಜರಿಗೆ ಹಾಕು" ಎಂದ.

"ಯಾಕ್ಲಾ? ಒಳ್ಳೇ ಪೆಟ್ಟಿಗೆ," ಎಂದಳು ಅವಳು.

ಮಾರನೆಯ ದಿನದಿಂದ ಪೆಟ್ಟಿಗೆ ತಾರಸಿಯ ಮೇಲೆ ಮಗುಚಿ ಕುಳಿತಿತು. ಕೋತಿ ಕಂಡಾಗ ಒನಕೆಯಿಂದ ಎರಡು ಏಟು. ಢಂ, ಢಂ. ಒಳಗೆ ಸ್ಪಂಜು ಕಿತ್ತು ತೆಗೆದ ಮೇಲೆ ಸದ್ದು ಇನ್ನೂ ಗಟ್ಟಿಯಾಯಿತು. ದುಬಾರಿ ರೈಫಲ್ಲಿನಿಂದ ಏನಾದರೂ ಉಪಯೋಗವಿದೆಯೇ ಎಂದು ಕೇಳುವವರಿಗೆ ನಾನು ಇಷ್ಟನ್ನು ಪ್ರಮಾಣ ಮಾಡಿ ಹೇಳಬಲ್ಲೆ: ಅದರ ಪೆಟ್ಟಿಗೆ ಉತ್ತಮವಾದದ್ದು.

ಅದಾದ ವಾರದೊಳಗೆ, ಕೋತಿ ಕುಡಿದ ಒಂದಲ್ಲದೆ, ಹಿತ್ತಲ ಮರದಿಂದ ಇನ್ನೂ ನಾಲ್ಕು ಎಳೆಗಾಯಿ ಉದುರಿದವು. ರೋಗದ ಮರ, ಹಿಡಿದಿಡಲು ಶಕ್ತಿಯಿಲ್ಲ ಎಂದುಕೊಂಡೆವು. ಉಳಿದ ಹನ್ನೊಂದು ಬಲಿತವು. ಮೇಲುಮಟ್ಟೆಯ ತುಂಬ ಕಂದು ಬಣ್ಣದ ಕಲೆ, ಸೀಳು. ಅದಕ್ಕೂ ಯಾರೂ ಹುಬ್ಬೇರಿಸಲಿಲ್ಲ. ನಮ್ಮ ಸೀಮೆಯಲ್ಲಿ ನುಸಿ ಹತ್ತದ ಕಾಯಿ ಯಾವುದಿದೆ? ಕೀಳಿಸಿ, ಅಟ್ಟದ ಮೇಲೆ ಬೇರೆ ಒಂದು ಮೂಲೆಯಲ್ಲಿ, ತೋಟದ ಕಾಯಿಯ ಜೊತೆ ಬೆರೆಯದ ಹಾಗೆ ಹಲಗೆ ಅಡ್ಡ ಇಟ್ಟು ಪೇರಿಸಿದಳು. ಆಮೇಲೆ ಮರವನ್ನು ಕಡಿಸಿದೆವು. ಅವತ್ತು ಅವಳು ಹಿತ್ತಲ ಕಡೆ ಬರಲಿಲ್ಲ.

ಕಾಯಿ ಅಟ್ಟದ ಮೇಲೆ ಒಣಗುತ್ತಿರುವಾಗಲೇ ಗಂಡೂ ಸಿಕ್ಕಿತು. ಮದುವೆ ನಿಶ್ಚಯವಾಯಿತು. ಅವಳು ವಾರಕ್ಕೊಮ್ಮೆ ಏಣಿ ಹತ್ತಿ ಹನ್ನೊಂದನ್ನೂ ಎಣಿಸಿ ಇಳಿಯುವಳು. ಮುಟ್ಟುತ್ತಿರಲಿಲ್ಲ. ಅಟ್ಟದ ಕಾಯನ್ನು ನಡುವೆ ಅಲುಗಿಸಬಾರದೆಂದು ಅವಳ ತಾಯಿ ಹೇಳಿದ್ದರಂತೆ.

ಮದುವೆಗೆ ಹತ್ತು ದಿನ ಇರುವಾಗ ಕಾಯಿ ಸುಲಿಯುವವನನ್ನು ಕರೆಸಿದೆವು. ದಂಡಿನಶಿವರದ ಕಡೆಯವನು, ನಮ್ಮ ಮನೆಗೆ ಬಹಳ ವರ್ಷದಿಂದ ಬರುವವನು. ಅಂದೇ ಭಾವಮೈದನೂ ಬಂದಿದ್ದ. ಸೋದರಮಾವನಲ್ಲವೆ, ಲಗ್ನಪತ್ರಿಕೆ ಹಂಚಲು ಹೊರಟವನು ಕಾಫಿಗೆಂದು ಜಗಲಿಯಲ್ಲಿ ಕುಳಿತಿದ್ದ. ಸುಲಿಯುವವನು ಮಟ್ಟೆ ಬಿಡಿಸುತ್ತ, ಬರಿ ಚಿಪ್ಪಿನ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಚೆನ್ನಾಗಿ ಒಣಗಿದ ಕಾಯಾದರೆ ಒಳಗೆ ಗಿಟುಕು ಚಿಪ್ಪು ಬಿಟ್ಟು ಗಡಗಡ ಎನ್ನುತ್ತದೆ. ಅವನ ಭಾಷೆಯಲ್ಲಿ ಕಾಯಿ ಮಾತಾಡುತ್ತದೆ.

ಮೊದಲನೆಯದನ್ನು ಅಲ್ಲಾಡಿಸಿದ. ಮತ್ತೆ ಅಲ್ಲಾಡಿಸಿದ. "ಇದು ಮಾತಾಡ್ತಿಲ್ಲ ಕಣವ್ವ."

"ಇನ್ನೊಂದು ನೋಡು."

ಎರಡನೆಯದೂ ಮಾತಾಡಲಿಲ್ಲ. ಮೂರನೆಯದನ್ನು ಮಚ್ಚಿನಿಂದ ಒಡೆದ. ಒಳಗೆ ಕಪ್ಪಗೆ ಕೊಳೆತು ಚಿಪ್ಪಿಗೆ ಅಂಟಿದ ಮುದ್ದೆ. ಕೌಟು ವಾಸನೆ ಜಗಲಿಯವರೆಗೂ ಬಂತು. ಅದರ ನಡುವಿನಿಂದ ಏನೋ ಸಣ್ಣದು ಕಲ್ಲಿನ ಮೇಲೆ ಬಿದ್ದು ಟಿಣ್ ಎಂದಿತು. ಸೊಂಟ ಸಣ್ಣಗಿರುವ ಡಮರುವಿನಂಥ ಒಂದು ಸೀಸದ ಕಾಳು.

"ಇದೇನು ಯಜಮಾನ್ರೇ, ನಿಮ್ಮ ಮರ ಸೀಸ ಬಿಡ್ತೈತೆ?"

ಭಾವಮೈದ ಕಾಫಿ ಲೋಟ ಇಟ್ಟು ಎದ್ದು ಬಂದ. ಕಾಳನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. "ನಂದು," ಎಂದ.

ಸುಲಿಯುವವನಿಗೆ ಕತೆ ಹೇಳಬೇಕಾಯಿತು. ಕೋತಿಗೆ ತಾಗದ ಹಾಗೆ, ಒಂದಿಂಚು ಪಕ್ಕಕ್ಕೆ ಹೊಡೆದದ್ದು. ಅವನು ಪೂರ್ತಿ ಕೇಳಿ, ಮಚ್ಚಿನ ಅಲಗನ್ನು ಮಟ್ಟೆಗೆ ಒರೆಸಿ ಹೇಳಿದ:

"ಅಲ್ಲ ಸ್ವಾಮಿ, ಕಾಯಿ ತಿನ್ನಾಕೆ ಬಂದ ಕೋತಿ ಪಕ್ಕದಾಗೆ ಒಂದಿಂಚಿಗೆ ಇನ್ನೇನಿರ್ತದೆ? ಕಾಯೇ ಅಲ್ವಾ?"

ನಾವು ಮೂವರೂ ಅವನ ಮುಖ ನೋಡಿದೆವು. ನನಗೆ ತೋಟವೇ ಜೀವನ. ಅವಳು ಆ ಮರದ ಕಾಯನ್ನು ಗೊನೆ ಗೊನೆ ಎಣಿಸಿದವಳು. ಅವನ ಬಳಿ ದೂರ, ಗಾಳಿ, ಗುಳ್ಳೆ, ಎಲ್ಲವೂ ಇತ್ತು. ಈ ಒಂದು ಪ್ರಶ್ನೆಯನ್ನು ಅವತ್ತು ಯಾರಾದರೊಬ್ಬರು ಕೇಳಿಕೊಳ್ಳಬಹುದಿತ್ತು. ಚಿಪ್ಪು ಇನ್ನೂ ಎಳೆಯದಾಗಿದ್ದಾಗ ಕಾಳುಗಳು ಒಳಹೊಕ್ಕಿದ್ದವು, ಮೇಲೆ ಮಟ್ಟೆ ಮುಚ್ಚಿಕೊಂಡಿತ್ತು. ಒಂದೂವರೆ ವರ್ಷ ಅವು ತೆಪ್ಪಗೆ ಅಲ್ಲೇ ಇದ್ದವು. ಅವನ ಗುರಿ ಒಂದೂ ತಪ್ಪಿರಲಿಲ್ಲ.

ನನಗೆ ಬಂದ ಕೋಪವನ್ನು ಯಾರ ಮೇಲೆ ಹಾಕುವುದೆಂದು ತಿಳಿಯಲಿಲ್ಲ. ಠಾಣೆಯ ರೈಟರಿಂದ ಶುರು ಮಾಡಿ ರೈಫಲ್ ಮಾಡಿದ ದೇಶದವರೆಗೆ ಎಲ್ಲರನ್ನೂ ಮನಸ್ಸಿನಲ್ಲೇ ಬೈದೆ. ಹೆಂಡತಿ ಒಳಗೆ ಹೋಗಿ ಮೊರ ತಂದು, ಉಳಿದವನ್ನು ಅದರಲ್ಲಿಟ್ಟುಕೊಂಡು ಕುಳಿತು, "ಸುಲಿಯಪ್ಪ" ಎಂದಳು.

ನಾಲ್ಕು, ಐದು, ಆರು. ಒಂದೊಂದನ್ನೂ ಅವನು ಕಿವಿಗೆ ಹಿಡಿಯುವುದು, ತಲೆ ಅಲ್ಲಾಡಿಸುವುದು. ಒಂದರೊಳಗೆ ಸೀಸವೇ ಗಿಟುಕಿನಂತೆ ಟಕಟಕ ಎಂದು ನಮ್ಮನ್ನು ಒಂದು ಕ್ಷಣ ಆಸೆಗೆ ಹಚ್ಚಿತು. ಹತ್ತರವರೆಗೂ ಹೀಗೇ ಆಯಿತು. ಭಾವಮೈದ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ. ಇಸ್ತ್ರಿ ಪ್ಯಾಂಟಿಗೆ ಧೂಳು ಹತ್ತಿದ್ದರ ಅರಿವೂ ಅವನಿಗಿರಲಿಲ್ಲ.

"ಅಮ್ಮ ಕೊಟ್ಟಿದ್ದ ಕಾಯಿ ಕಣಕ್ಕ," ಎಂದ. "ಬಸ್ಸಲ್ಲಿ ಕುಡಿ ಮುರೀಬಾರ್ದು ಅಂತ ತುರುವೇಕೆರೆವರೆಗೂ ಕೈ ಅಡ್ಡ ಹಿಡ್ಕಂಡು ಬಂದಿದ್ದೆ."

"ಗೊತ್ತು ಸುಮ್ನಿರು," ಎಂದಳು ಅವಳು.

ಹನ್ನೊಂದನೆಯದನ್ನು ಸುಲಿದು ಮುಗಿಸಿದ ತಕ್ಷಣ ಅವನೇ ಕೈ ಚಾಚಿ ತೆಗೆದುಕೊಂಡ. ದೂರ ಅಳೆಯಲಿಲ್ಲ, ಮೊಬೈಲು ನೋಡಲಿಲ್ಲ. ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಅಲ್ಲಾಡಿಸಿದ. ಇನ್ನೊಮ್ಮೆ ಅಲ್ಲಾಡಿಸಿದ. ಆಮೇಲೆ ಸುಲಿಯುವವನ ಕೈಗೆ ಕೊಟ್ಟ.

ಸುಲಿಯುವವನು ಅಲ್ಲಾಡಿಸಿದ. "ಮಾತಾಡ್ತೈತೆ ಕಣವ್ವ! ಬೊಂಬಾಟ್ ಮಾತಾಡ್ತೈತೆ. ತಡಿ, ಒಡ್ದು ಗಿಟುಕು ತೆಗ್ದು ಕೊಡ್ತೀನಿ." ಮಚ್ಚು ಎತ್ತಿದ.

ಅವಳು ಅವನ ಕೈಯಿಂದ ಕಾಯನ್ನು ಕಿತ್ತುಕೊಂಡಳು. "ಬೇಡ ಬುಡಪ್ಪ."

"ಚಿಪ್ಪು ಸಮೇತ ಮಡಿಲಿಗೆ ಹಾಕ್ತಾರೇನೇ?" ಎಂದೆ ನಾನು.

"ನಾನು ಹಾಕ್ತೀನಿ."

"ಒಳಗೆ ಹೆಂಗಿದೆಯೋ ನೋಡೋದು ಬೇಡ್ವಾ?"

"ನೋಡಿದ್ದು ಸಾಕು. ಮಾತಾಡ್ತೈತಲ್ಲ."

ಮದುವೆಯ ದಿನ ಹಾಗೇ ಹಾಕಿದಳು. ಅಕ್ಕಿ, ಬೆಲ್ಲ, ಅರಿಶಿನದ ಕೊನೆ, ಅಂಗಡಿಯಿಂದ ತಂದ ಗಿಟುಕುಗಳು, ಅವುಗಳ ನಡುವೆ ಈ ಕರಿ ಚಿಪ್ಪಿನ ಕಾಯಿ. ಗಂಡಿನ ಕಡೆಯ ಒಬ್ಬ ಹಿರಿಯ ಹೆಂಗಸು, "ಇದೇನವ್ವ, ನಿಮ್ಮ ಕಡೆ ಚಿಪ್ಪು ತೆಗೆಯಲ್ವಾ?" ಎಂದು ಕೇಳಿಯೇ ಕೇಳಿದರು. ಹೆಂಡತಿ ಬಾಯಿ ತೆರೆಯುವ ಮೊದಲೇ ಭಾವಮೈದ ಮುಂದೆ ಬಂದು, "ನಮ್ಮ ಮನೆ ಪದ್ಧತಿ ಕಣಮ್ಮ. ಸೋದರಮಾವ ಕೇಳಿ ನೋಡಿ ಕೊಡಬೇಕು" ಎಂದ. ಅಂಥ ಪದ್ಧತಿ ಭೂಲೋಕದಲ್ಲಿ ಎಲ್ಲೂ ಇಲ್ಲ. ಆ ಹೆಂಗಸು ಗಂಭೀರವಾಗಿ ತಲೆದೂಗಿದರು. ಮುಂದೆ ಅವರ ಮನೆಯಲ್ಲೂ ಶುರುವಾದರೆ ನನಗೆ ಆಶ್ಚರ್ಯವಿಲ್ಲ.

ರೈಫಲ್ ಈಗಲೂ ಅವನ ಮನೆಯಲ್ಲಿ ಬೆಡ್‌ಶೀಟಿನಲ್ಲೇ ಇದೆಯಂತೆ. ಪೆಟ್ಟಿಗೆ ವಾಪಸು ಕೊಡುತ್ತೀಯಾ ಎಂದು ಅಕ್ಕನನ್ನು ಕೇಳುವ ಧೈರ್ಯ ಅವನಿಗೆ ಬಂದಿಲ್ಲ. ನಮ್ಮಪ್ಪನ ಬಂದೂಕು ಬಿಡಿಸಲು ಮೊನ್ನೆ ಮತ್ತೆ ಹೋಗಿದ್ದೆ. ರೈಟರು ಬದಲಾಗಿದ್ದಾರೆ, ಉತ್ತರ ಬದಲಾಗಿಲ್ಲ.

ಮಗಳು ಆ ಕಾಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದಾಳೆ. ಅಳಿಯಂದಿರು ಲೆಕ್ಕಾಚಾರದ ಮನುಷ್ಯರು. ಒಡೆದು ತಿನ್ನುವುದೂ ಇಲ್ಲ, ಅಡಿಗೆಗೂ ಹಾಕುವುದಿಲ್ಲ, ಹಾಗಾದರೆ ಇದರಿಂದ ಏನು ಉಪಯೋಗ ಎಂದು ಕೇಳಿದರಂತೆ. ಮಗಳು ಅದನ್ನು ಗೂಡಿನಿಂದ ತೆಗೆದು, ಅವರ ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದಳಂತೆ.